ಲ್ಯುಕೇಮಿಯಾ ಪತ್ತೆಯಲ್ಲಿ ಶೇ. 99 ನಿಖರತೆ: ಈ ಅಂಕಿ ನಿಜವಾಗಿ ಏನನ್ನು ಅಳೆಯುತ್ತಿದೆ?

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಅಧ್ಯಯನ ಮಾಡುತ್ತಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ತೆಗೆದ ರಕ್ತಕಣಗಳ ಚಿತ್ರಗಳಿಂದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾವನ್ನು, ಅಂದರೆ ಆಸ್ಪತ್ರೆಗಳಲ್ಲಿ ಎಎಲ್‌ಎಲ್ ಎಂದು ಕರೆಯುವ ರಕ್ತದ ಕ್ಯಾನ್ಸರನ್ನು, ಗಣಕದ ನೆರವಿನಿಂದ ಗುರುತಿಸುವುದು ನನ್ನ ವಿಷಯ. ಕಳೆದ ಕೆಲವು ತಿಂಗಳುಗಳಿಂದ ಈ ಕುರಿತ ಪ್ರಬಂಧಗಳನ್ನು ಓದುತ್ತಿದ್ದೇನೆ. ಹೆಚ್ಚಿನವು ಎರಡು ಸಾರ್ವಜನಿಕ ಚಿತ್ರಸಂಗ್ರಹಗಳನ್ನು ಅವಲಂಬಿಸಿವೆ. ಒಂದು ಇಟಲಿಯಿಂದ ಬಂದ ಎಎಲ್‌ಎಲ್-ಐಡಿಬಿ. ಇನ್ನೊಂದು ದೆಹಲಿಯ ಏಮ್ಸ್ ಮತ್ತು ಐಐಐಟಿ-ದೆಹಲಿಯ ಸಂಶೋಧಕರು ಸೇರಿ ಸಿದ್ಧಪಡಿಸಿ, 2019ರ ಒಂದು ಅಂತರರಾಷ್ಟ್ರೀಯ ಸ್ಪರ್ಧೆಗಾಗಿ ಬಿಡುಗಡೆ ಮಾಡಿದ ಸಿ-ಎನ್‌ಎಂಸಿ. ಇವುಗಳ ಮೇಲೆ ಶೇ. 98, ಶೇ. 99ರಷ್ಟು ನಿಖರತೆ ದೊರೆತಿದೆ ಎಂದು ಒಂದರ ಮೇಲೊಂದು ಪ್ರಬಂಧ ಹೇಳುತ್ತದೆ.

ಹಾಗಿದ್ದರೆ ಈ ಸಮಸ್ಯೆ ಬಗೆಹರಿದಂತಾಯಿತೇ? ಬಗೆಹರಿದಿದ್ದರೆ ನಮ್ಮ ಜಿಲ್ಲಾ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಇಂಥ ಸಾಧನ ಏಕೆ ಕಾಣಿಸುತ್ತಿಲ್ಲ? ಬಗೆಹರಿದಿಲ್ಲ ಎಂದಾದರೆ ಉಳಿದಿರುವ ಕೆಲಸ ಯಾವುದು? ವೈದ್ಯರು, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು, ಸಂಖ್ಯಾಶಾಸ್ತ್ರ ಬಲ್ಲವರು ಯಾರಾದರೂ ವಿವರಿಸಿದರೆ ನನ್ನ ಅಧ್ಯಯನದ ದಿಕ್ಕನ್ನು ನಿರ್ಧರಿಸಿಕೊಳ್ಳಲು ಸಹಾಯವಾಗುತ್ತದೆ.

ದತ್ತಾಂಶ ವಿಶ್ಲೇಷಕ, ಮ್ಯೂನಿಕ್ (ಊರು ಶಿರಸಿ)

ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಸಿ-ಎನ್‌ಎಂಸಿ ಸಂಗ್ರಹವನ್ನೇ ನೋಡೋಣ. ಅದರಲ್ಲಿ 118 ಜನರಿಂದ ಪಡೆದ 15,114 ಕೋಶಚಿತ್ರಗಳಿವೆ. ಸ್ಪರ್ಧೆಯನ್ನು ಏರ್ಪಡಿಸಿದವರು ಇವನ್ನು ಮೂರು ಭಾಗ ಮಾಡಿದ್ದರು: ತರಬೇತಿಗೆ 73 ಜನರ 10,661 ಚಿತ್ರಗಳು, ಪ್ರಾಥಮಿಕ ಪರೀಕ್ಷೆಗೆ 28 ಜನರ 1,867 ಚಿತ್ರಗಳು, ಅಂತಿಮ ಪರೀಕ್ಷೆಗೆ 17 ಜನರ 2,586 ಚಿತ್ರಗಳು. ಒಬ್ಬ ವ್ಯಕ್ತಿಯ ಕೋಶಗಳು ಎರಡು ಭಾಗಗಳಲ್ಲಿ ಹಂಚಿಹೋಗದಂತೆ ಅವರು ಎಚ್ಚರ ವಹಿಸಿದ್ದರು, ಮತ್ತು ಹಾಗೆ ವಿಭಾಗಿಸಿದಾಗ ಮುಂಚೂಣಿಯ ತಂಡಗಳ ಅಂಕ (1 ಎಂದರೆ ಪರಿಪೂರ್ಣ) 0.91ರ ಆಸುಪಾಸಿನಲ್ಲಿ ನಿಂತಿತು. ನೀವು ಓದುತ್ತಿರುವ ಶೇ. 99ರ ಪ್ರಬಂಧಗಳಲ್ಲಿ ಕೆಲವನ್ನು ಗಮನಿಸಿ ನೋಡಿ. ತರಬೇತಿಯ 10,661 ಚಿತ್ರಗಳನ್ನು ಮಾತ್ರ ತೆಗೆದುಕೊಂಡು, ಅವನ್ನು ಕಲಸಿ, ಶೇ. 80 ಕಲಿಕೆಗೆ, ಶೇ. 20 ಪರೀಕ್ಷೆಗೆ ಎಂದು ಯಾದೃಚ್ಛಿಕವಾಗಿ ಹಂಚಿರುತ್ತಾರೆ. ಆಗ ಒಬ್ಬನೇ ರೋಗಿಯ ನೂರಾರು ಕೋಶಗಳಲ್ಲಿ ಬಹುಪಾಲು ಕಲಿಕೆಗೂ ಉಳಿದವು ಪರೀಕ್ಷೆಗೂ ಸೇರುತ್ತವೆ.

ಇದರಿಂದ ಆಗುವ ಹಾನಿಯನ್ನು ಒಂದು ಉದಾಹರಣೆಯಿಂದ ಹೇಳಬಹುದು. ತರಗತಿಯ ಮಕ್ಕಳ ಕೈಬರಹವನ್ನು ಚೆನ್ನಾಗಿ ಬಲ್ಲ ಶಿಕ್ಷಕರು ಉತ್ತರವನ್ನು ಓದದೆಯೇ ಇದು ಜಾಣ ಹುಡುಗಿಯ ಪತ್ರಿಕೆ ಎಂದು ಅಂಕ ಕೊಟ್ಟರೆ, ಆ ಅಂಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ; ಆದರೆ ಹೊಸ ಶಾಲೆಗೆ ವರ್ಗವಾದ ದಿನ ಆ ಕೌಶಲ ಕೈಕೊಡುತ್ತದೆ. ಈ ಸಂಗ್ರಹದಲ್ಲಿ ಒಬ್ಬ ವ್ಯಕ್ತಿಯ ಎಲ್ಲ ಕೋಶಗಳಿಗೂ ಒಂದೇ ಹಣೆಪಟ್ಟಿ ಇದೆ: ರೋಗಿಯಾದರೆ ಎಲ್ಲವೂ ಲ್ಯುಕೇಮಿಯಾ ಕೋಶಗಳು, ಆರೋಗ್ಯವಂತರಾದರೆ ಎಲ್ಲವೂ ಸಹಜ ಕೋಶಗಳು. ಹೀಗಾಗಿ ಚಿತ್ರಗಳಿಂದ ಕಲಿಯುವ ಗಣಕದ ಜಾಲಕ್ಕೆ ಕ್ಯಾನ್ಸರ್ ಕೋಶದ ಲಕ್ಷಣವನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ. ಆ ವ್ಯಕ್ತಿಯ ಲೇಪಕ್ಕೆ, ಅಂದರೆ ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತ ಅಥವಾ ಮಜ್ಜೆಗೆ, ಬಿದ್ದ ಬಣ್ಣದ ಛಾಯೆಯನ್ನು ಕಲಿತರೂ ಅಂಕ ಬರುತ್ತದೆ.

ಇನ್ನೊಂದು ಮಾತು. ತರಬೇತಿಯ 10,661 ಚಿತ್ರಗಳಲ್ಲಿ 7,272 ಲ್ಯುಕೇಮಿಯಾದವು, 3,389 ಸಹಜವಾದವು. ಏನನ್ನೂ ಕಲಿಯದೆ ಎಲ್ಲವನ್ನೂ ಲ್ಯುಕೇಮಿಯಾ ಎಂದು ಕರೆದರೂ ಶೇ. 68ರಷ್ಟು ನಿಖರತೆ ಬರುತ್ತದೆ. ಆದ್ದರಿಂದ ಸ್ಪರ್ಧೆಯವರು ನಿಖರತೆಯ ಬದಲು ಎರಡೂ ವರ್ಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎಫ್1 ಅಂಕವನ್ನು ಬಳಸಿದರು. ಇನ್ನು ಎಎಲ್‌ಎಲ್-ಐಡಿಬಿಯ ಮೊದಲ ಭಾಗದಲ್ಲಿರುವುದು 108 ಚಿತ್ರಗಳು, ಎರಡನೆಯ ಭಾಗದಲ್ಲಿ 260. ವಿಧಾನಗಳನ್ನು ಕಲಿಯಲು ಅದು ಒಳ್ಳೆಯ ಸಂಗ್ರಹ. ಆಸ್ಪತ್ರೆಯಲ್ಲಿ ಬಳಸಬಹುದೆಂಬ ತೀರ್ಮಾನಕ್ಕೆ ಅಷ್ಟು ಸಾಲದು.

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಧನ್ಯವಾದಗಳು ಸರ್. ಸಿ-ಎನ್‌ಎಂಸಿ ಚಿತ್ರಗಳ ಕಡತದ ಹೆಸರಿನಲ್ಲಿಯೇ ವ್ಯಕ್ತಿಯ ಸಂಖ್ಯೆ ಇರುವುದರಿಂದ ವ್ಯಕ್ತಿವಾರು ವಿಭಾಗಿಸುವುದು ಕಷ್ಟವೇನಲ್ಲ. ಹಾಗೆ ಮಾಡಿದರೆ ಸಾಕೇ? ಅಥವಾ ವ್ಯಕ್ತಿವಾರು ವಿಭಾಗಿಸಿದ ಮೇಲೂ ಬೇರೆ ಆಸ್ಪತ್ರೆಯ ಲೇಪಗಳ ಮೇಲೆ ಗಣಕದ ಮಾದರಿ ಸೋಲಬಹುದೇ?

ಲ್ಯಾಬ್ ಟೆಕ್ನೀಷಿಯನ್, ಕಲಬುರಗಿ

ಮೇಡಂ, ಖಂಡಿತ ಸೋಲಬಹುದು. ನಾನು ಹಲವು ವರ್ಷಗಳಿಂದ ರಕ್ತಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ, ಮತ್ತು ಸ್ಲೈಡಿನ ಮೇಲೆ ನಡೆಯುವ ಸಂಗತಿಗಳನ್ನು ಗಣಕದವರು ತಿಳಿದುಕೊಂಡರೆ ಒಳ್ಳೆಯದೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ನಮ್ಮ ಕಡೆಯ ಹೆಚ್ಚಿನ ಲ್ಯಾಬ್‌ಗಳಲ್ಲಿ ಲೀಶ್‌ಮನ್ ಸ್ಟೇನ್ ಬಳಸುತ್ತೇವೆ. ಬೇರೆ ಕಡೆ ರೈಟ್-ಗೀಮ್ಸಾ ಇರುತ್ತದೆ, ಯುರೋಪಿನಲ್ಲಿ ಮೇ-ಗ್ರುನ್ವಾಲ್ಡ್-ಗೀಮ್ಸಾ ಹೆಚ್ಚು. ಎಲ್ಲವೂ ಒಂದೇ ಕುಟುಂಬದ ಬಣ್ಣಗಳಾದರೂ ನ್ಯೂಕ್ಲಿಯಸ್ಸಿನ ನೇರಳೆ ಮತ್ತು ಸೈಟೋಪ್ಲಾಸಮ್ಮಿನ ನೀಲಿ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಬಫರ್ ನೀರಿನ ಪಿಎಚ್ 6.8 ಇರಬೇಕು. ಅದು ಹೆಚ್ಚಾದರೆ ಲೇಪವೆಲ್ಲ ನೀಲಿಗೆ ತಿರುಗುತ್ತದೆ, ಕಡಿಮೆಯಾದರೆ ಕೆಂಪಗಾಗಿ ನ್ಯೂಕ್ಲಿಯಸ್ ಪೇಲವವಾಗುತ್ತದೆ. ಬಫರ್ ಮುಗಿದಾಗ ಕೈಗೆ ಸಿಕ್ಕ ನೀರನ್ನು ಬಳಸುವ ಜಾಗಗಳೂ ಇವೆ, ಮತ್ತು ನಮ್ಮ ಜಿಲ್ಲೆಯಂಥ ಕಡೆ ನೀರಿನ ಗಡಸುತನ ಊರಿಂದ ಊರಿಗೆ ಬೇರೆಯಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ರಕ್ತವು, ಅದನ್ನು ಹೆಪ್ಪುಗಟ್ಟಲು ಬಿಡದ ಇಡಿಟಿಎ ಟ್ಯೂಬಿನಲ್ಲಿ ಎಷ್ಟು ಹೊತ್ತು ಕುಳಿತಿತ್ತು ಎಂಬುದು. ಸಾಧ್ಯವಾದಷ್ಟೂ ಎರಡು ಗಂಟೆಯೊಳಗೆ ಲೇಪ ಎಳೆಯಬೇಕು. ತಾಲ್ಲೂಕಿನಿಂದ ಸಂಜೆ ಹೊರಟ ಮಾದರಿ ಮರುದಿನ ಬೆಳಿಗ್ಗೆ ನಮಗೆ ತಲುಪಿದಾಗ ಬಿಳಿ ರಕ್ತಕಣಗಳಲ್ಲಿ ಗುಳ್ಳೆಗಳು ಎದ್ದಿರುತ್ತವೆ, ನ್ಯೂಕ್ಲಿಯಸ್ಸಿನ ಅಂಚು ಹಾಳಾಗಿರುತ್ತದೆ, ಮಾನೋಸೈಟ್‌ಗಳು ವಿಕಾರವಾಗಿ ಬ್ಲಾಸ್ಟ್ ಕೋಶಗಳಂತೆ, ಅಂದರೆ ಲ್ಯುಕೇಮಿಯಾದಲ್ಲಿ ಹೆಚ್ಚುವ ಬಲಿಯದ ಕೋಶಗಳಂತೆ, ಕಾಣಲೂಬಹುದು. ಸೂಕ್ಷ್ಮದರ್ಶಕದಲ್ಲಿ ಕುಳಿತು ನೋಡುವವರಿಗೆ ಇದು ಹಳೆಯ ರಕ್ತ ಎಂದು ತಿಳಿಯುತ್ತದೆ, ಏಕೆಂದರೆ ನಾವು ಇಡೀ ಲೇಪವನ್ನು ನೋಡುತ್ತೇವೆ. ಒಂದೇ ಕೋಶವನ್ನು ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲಿಟ್ಟ ಚಿತ್ರದಲ್ಲಿ ಆ ಸುಳಿವೇ ಉಳಿದಿರುವುದಿಲ್ಲ.

ಲೇಪದ ಯಾವ ಭಾಗವನ್ನು ನೋಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಇರುವ ಕಡೆ ಕೋಶಗಳು ಮುದುಡಿ ಚಿಕ್ಕದಾಗಿ ಕಾಣುತ್ತವೆ, ಲೇಪ ತೆಳುವಾಗುವ ಬಾಲದ ತುದಿಯಲ್ಲಿ ಹರಡಿಕೊಂಡು ದೊಡ್ಡದಾಗುತ್ತವೆ. ದೊಡ್ಡ ಬ್ಲಾಸ್ಟ್‌ಗಳು ಹೆಚ್ಚಾಗಿ ಅಂಚುಗಳಿಗೆ ಮತ್ತು ಬಾಲಕ್ಕೆ ಸರಿದುಹೋಗುತ್ತವೆ.

ದತ್ತಾಂಶ ವಿಶ್ಲೇಷಕ, ಮ್ಯೂನಿಕ್ (ಊರು ಶಿರಸಿ)

ಕಲಬುರಗಿಯವರು ಹೇಳಿದ ಸಮಸ್ಯೆ ಚಿತ್ರಗಳಿಗೆ ಮಾತ್ರ ಸೀಮಿತವಾದದ್ದಲ್ಲ. ಲ್ಯುಕೇಮಿಯಾ ವರ್ಗೀಕರಣದ ಗಣಕ ಅಧ್ಯಯನಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಟಾಡ್ ಗೊಲಬ್ ಮತ್ತು ಸಂಗಡಿಗರು 1999ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. 38 ರೋಗಿಗಳ ಅಸ್ಥಿಮಜ್ಜೆಯ ಮಾದರಿಗಳಲ್ಲಿ 6,817 ವಂಶವಾಹಿಗಳ ಚಟುವಟಿಕೆಯನ್ನು ಅಳೆದು, ಅವುಗಳಲ್ಲಿ 50ನ್ನು ಆರಿಸಿ, ಎಎಲ್‌ಎಲ್ ಮತ್ತು ಎಎಂಎಲ್, ಅಂದರೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ, ಇವೆರಡನ್ನು ಪ್ರತ್ಯೇಕಿಸುವ ಸೂತ್ರವನ್ನು ಕಟ್ಟಿದರು. ನಂತರ ಪೂರ್ತಿ ಬೇರೆಯಾದ 34 ಮಾದರಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಸೂತ್ರವು ಅವುಗಳಲ್ಲಿ 29ಕ್ಕೆ ದೃಢವಾದ ಉತ್ತರ ಕೊಟ್ಟಿತು, ಆ 29ರಲ್ಲಿ ಎಲ್ಲವೂ ಸರಿಯಾಗಿದ್ದವು. ಉಳಿದ 5 ಮಾದರಿಗಳಿಗೆ ಅದು ತೀರ್ಪು ನೀಡಲಿಲ್ಲ.

ಈ ಪ್ರಬಂಧದಲ್ಲಿ ನನಗೆ ಬಹಳ ಹಿಡಿಸುವ ಅಂಶ ಆ 5 ಮಾದರಿಗಳು. ಖಚಿತವಿಲ್ಲದ ಕಡೆ ಸುಮ್ಮನಿರುವ ಅವಕಾಶವನ್ನು ಅವರು ಸೂತ್ರದೊಳಗೇ ಇಟ್ಟಿದ್ದರು. ಅಷ್ಟೇ ಅಲ್ಲ, ಮಾದರಿಯನ್ನು ಬೇರೆ ವಿಧಾನದಲ್ಲಿ ಸಿದ್ಧಪಡಿಸಿದ ಒಂದು ಪ್ರಯೋಗಾಲಯದಿಂದ ಬಂದವುಗಳಲ್ಲಿ ತೀರ್ಪಿನ ಬಲ ಕಡಿಮೆಯಾಗಿತ್ತು ಎಂಬುದನ್ನು ಮುಚ್ಚಿಡದೆ ಬರೆದಿದ್ದಾರೆ. ಈ ಎಚ್ಚರಿಕೆ ಇಷ್ಟು ವರ್ಷಗಳ ಹಿಂದೆಯೇ ಪ್ರಕಟವಾಗಿದ್ದರೂ ಇಂದಿನ ಅನೇಕ ಚಿತ್ರವಿಶ್ಲೇಷಣೆಯ ಪ್ರಬಂಧಗಳಲ್ಲಿ ಹೊರಗಿನ ಆಸ್ಪತ್ರೆಯ ಒಂದೇ ಒಂದು ಲೇಪದ ಮೇಲೂ ಪರೀಕ್ಷೆ ನಡೆದಿರುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ರಕ್ತರೋಗಶಾಸ್ತ್ರ ವೈದ್ಯೆ, ಬೆಂಗಳೂರು

ಚರ್ಚೆಯನ್ನು ಮೊದಲಿನಿಂದ ಓದಿದೆ. ದತ್ತಾಂಶದ ವಿಚಾರದಲ್ಲಿ ಇಬ್ಬರೂ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ವಿದ್ಯಾರ್ಥಿನಿಯವರು ಕೇಳಿದ 'ಉಳಿದಿರುವ ಕೆಲಸ ಯಾವುದು' ಎಂಬ ಪ್ರಶ್ನೆಗೆ ಉತ್ತರಿಸಬೇಕಾದರೆ, ರೋಗನಿರ್ಣಯ ಎಂದರೆ ನಮ್ಮ ಕೆಲಸದಲ್ಲಿ ಏನು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಲ್ಯುಕೇಮಿಯಾ ಇದೆಯೇ ಇಲ್ಲವೇ ಎಂಬುದು ನಮ್ಮ ಮುಂದಿರುವ ಕಠಿಣ ಪ್ರಶ್ನೆಯಲ್ಲ. ಬಿಳಿ ರಕ್ತಕಣಗಳು ಒಂದು ಲಕ್ಷಕ್ಕೆ ಏರಿ, ಪ್ಲೇಟ್‌ಲೆಟ್ 15 ಸಾವಿರಕ್ಕೆ ಇಳಿದು, ಲೇಪದ ತುಂಬ ಬ್ಲಾಸ್ಟ್‌ಗಳಿದ್ದರೆ ಅನುಭವಿ ಟೆಕ್ನೀಷಿಯನ್ ಒಬ್ಬರು ಅದನ್ನು ಕ್ಷಣಮಾತ್ರದಲ್ಲಿ ಗುರುತಿಸುತ್ತಾರೆ. ಅದು ಯಾವ ಲ್ಯುಕೇಮಿಯಾ ಎಂಬುದೇ ನಮ್ಮ ಪ್ರಶ್ನೆ, ಏಕೆಂದರೆ ಚಿಕಿತ್ಸೆ ಅದರ ಮೇಲೆಯೇ ನಿಂತಿದೆ.

1976ರಲ್ಲಿ ಫ್ರಾನ್ಸ್, ಅಮೆರಿಕ ಮತ್ತು ಬ್ರಿಟನ್ನಿನ ತಜ್ಞರು ಸೇರಿ ರೂಪಿಸಿದ ಎಫ್‌ಎಬಿ ವರ್ಗೀಕರಣವು ಬಹುಮಟ್ಟಿಗೆ ಕಣ್ಣಿಗೆ ಕಾಣುವ ರೂಪವನ್ನೇ ಆಧರಿಸಿತ್ತು. ಎಎಲ್‌ಎಲ್‌ನಲ್ಲಿ ಎಲ್1ರಿಂದ ಎಲ್3, ಎಎಂಎಲ್‌ನಲ್ಲಿ ಎಂ1ರಿಂದ ಎಂ6; ಎಂ7 ಮತ್ತು ಎಂ0 ನಂತರ ಸೇರಿದವು. ಇದರ ಜೊತೆಜೊತೆಗೇ ವರ್ಣತಂತುಗಳ ಅಧ್ಯಯನವೂ ಬೆಳೆಯುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ 1960ರಲ್ಲಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ರೋಗಿಗಳಲ್ಲಿ ಒಂದು ಅಸಹಜವಾದ ಚಿಕ್ಕ ವರ್ಣತಂತುವನ್ನು ಕಂಡರು. ಅದು 9 ಮತ್ತು 22ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರ ಫಲ ಎಂದು ಷಿಕಾಗೋದ ಜಾನೆಟ್ ರೌಲಿ 1973ರಲ್ಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಬಿಸಿಆರ್-ಎಬಿಎಲ್1 ಎಂಬ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು 2001ರಿಂದಾಚೆಗೆ ಪ್ರತಿ ಆವೃತ್ತಿಯಲ್ಲೂ ರೂಪಕ್ಕಿಂತ ವಂಶವಾಹಿಗೆ ಹೆಚ್ಚು ತೂಕ ಕೊಡುತ್ತ ಬಂದಿರುವುದಕ್ಕೆ ಇಂಥ ಇತಿಹಾಸವೇ ಕಾರಣ.

ಹಾಗೆಂದು ಕಣ್ಣಿನ ಕೆಲಸ ಮುಗಿದಿಲ್ಲ. ಇದನ್ನು ಎಪಿಎಲ್ ಎಂಬ ಒಂದೇ ರೋಗದಿಂದ ಹೇಳುತ್ತೇನೆ, ಏಕೆಂದರೆ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ವಿಷಯ ಅದು. ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಎಂಎಲ್‌ನ ಒಂದು ಉಪವಿಧ; ಹಳೆಯ ಎಫ್‌ಎಬಿಯ ಎಂ3. 15 ಮತ್ತು 17ನೇ ವರ್ಣತಂತುಗಳ ಅದಲುಬದಲಿನಿಂದ ಪಿಎಂಎಲ್-ಆರ್‌ಎಆರ್‌ಎ ಎಂಬ ಸಮ್ಮಿಳಿತ ವಂಶವಾಹಿ ಉಂಟಾಗಿ ಈ ರೋಗ ಹುಟ್ಟುತ್ತದೆ. ನಾರ್ವೆಯ ಲೀಫ್ ಹಿಲೆಸ್ಟಾಡ್ 1957ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದಾಗ, ಕೆಲವೇ ವಾರಗಳಲ್ಲಿ ತೀವ್ರ ರಕ್ತಸ್ರಾವದಿಂದ ಸಾವಿಗೆ ಒಯ್ಯುವ ರೋಗವೆಂದೇ ಅದನ್ನು ಗುರುತಿಸಲಾಗಿತ್ತು. 1988ರಲ್ಲಿ ಶಾಂಘೈನ ವೈದ್ಯರು, 'ಎ' ಜೀವಸತ್ವದ ಒಂದು ರೂಪವಾದ ಎಟಿಆರ್‌ಎ ನೀಡಿದ 24 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲರೂ ಪೂರ್ಣ ಉಪಶಮನ ಹೊಂದಿದ್ದರು. ಅದೇ ದೇಶದ ಹಾರ್ಬಿನ್‌ನಲ್ಲಿ ಆರ್ಸೆನಿಕ್ ಟ್ರೈಆಕ್ಸೈಡ್ ಬಳಕೆ ಬೆಳೆದುಬಂತು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಆರ್ಸೆನಿಕ್ ಒಂದನ್ನೇ ನೀಡಿದ 72 ರೋಗಿಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ತಂಡಗಳು, ಹೆಚ್ಚಿನ ಅಪಾಯದ ಗುಂಪಿಗೆ ಸೇರದ ರೋಗಿಗಳಲ್ಲಿ ಈ ಎರಡೂ ಔಷಧಿಗಳನ್ನು ಜೊತೆಯಾಗಿ ಕೊಟ್ಟು, ಎರಡು ವರ್ಷಗಳ ನಂತರ ಶೇ. 97ರಷ್ಟು ಮಂದಿ ರೋಗ ಮರುಕಳಿಸದೆ ಬದುಕಿರುವುದನ್ನು ತೋರಿಸಿದವು.

ಇಷ್ಟು ಚೆನ್ನಾಗಿ ಗುಣವಾಗುವ ರೋಗದಲ್ಲಿ ಸಾವು ಸಂಭವಿಸುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ, ಮೆದುಳಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ. ಆದ್ದರಿಂದ ವಂಶವಾಹಿ ಪರೀಕ್ಷೆಯ ವರದಿಗೆ ಕಾಯದೆ, ಲೇಪವನ್ನು ನೋಡಿ ಸಂಶಯ ಬಂದ ಕೂಡಲೇ ಎಟಿಆರ್‌ಎ ಆರಂಭಿಸಬೇಕೆಂಬುದು ಎಲ್ಲ ಮಾರ್ಗಸೂಚಿಗಳಲ್ಲೂ ಇರುವ ಮಾತು. ಕಣಗಳು ತುಂಬಿದ ಪ್ರೋಮೈಲೋಸೈಟ್‌ಗಳು ಎಂಬ ಬಲಿಯದ ಬಿಳಿ ರಕ್ತಕಣಗಳು, ಅವುಗಳೊಳಗೆ ಕಟ್ಟು ಕಟ್ಟಾಗಿ ಕಾಣುವ ಸೂಜಿಯಂಥ ಔರ್ ಕಡ್ಡಿಗಳು, ಇವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಸೂಕ್ಷ್ಮಕಣಗಳ ಒಂದು ಪ್ರಭೇದವಿದೆ. ಅದರಲ್ಲಿ ಕಣಗಳು ಕಾಣಿಸುವುದೇ ಇಲ್ಲ, ನ್ಯೂಕ್ಲಿಯಸ್ ನಡುವೆ ಸೀಳಿದಂತೆ ಇಬ್ಭಾಗವಾಗಿರುತ್ತದೆ, ಮತ್ತು ಮಾನೋಸೈಟಿಕ್ ಲ್ಯುಕೇಮಿಯಾ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ರಾತ್ರಿ ಪಾಳಿಯಲ್ಲಿ ತಜ್ಞರಿಲ್ಲದ ಊರಿನಲ್ಲಿ ಈ ಲೇಪ ಬಂದರೆ ಏನಾಗುತ್ತದೆ? ನಿಮ್ಮಂಥ ಗಣಕ ಸಂಶೋಧಕರು ಇಲ್ಲಿ ನೆರವಾಗಬಹುದು. ಎಎಲ್‌ಎಲ್ ಕೋಶವನ್ನು ಸಹಜ ಕೋಶದಿಂದ ಬೇರ್ಪಡಿಸುವ ಸಾಧನದಿಂದ ಆ ರೋಗಿಗೆ ಏನೂ ಪ್ರಯೋಜನವಿಲ್ಲ.

ಪೋಷಕರು, ದಾವಣಗೆರೆ

ಮೇಡಂ, ನಾನು ವೈದ್ಯನಲ್ಲ, ಸಂಶೋಧಕನೂ ಅಲ್ಲ. ನನ್ನ ಮಗಳಿಗೆ ಬಿ-ಎಎಲ್‌ಎಲ್, ಅಂದರೆ ಬಿ-ಕೋಶ ಎಂಬ ಬಿಳಿ ರಕ್ತಕಣಗಳಿಂದ ಹುಟ್ಟುವ ಎಎಲ್‌ಎಲ್, ಎಂದು ತಿಳಿದು ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಮೊದಲ ಹಂತದ ಕೀಮೋಥೆರಪಿ ಮುಗಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶಗಳು ಕಾಣುತ್ತಿಲ್ಲ ಎಂದು ಹೇಳಿದರು. ನಮಗೆ ಬಹಳ ಸಂತೋಷವಾಯಿತು. ಆದರೆ ಅದೇ ಮಾದರಿಯಲ್ಲಿ ಎಂಆರ್‌ಡಿ ಎಂಬ ಇನ್ನೊಂದು ಪರೀಕ್ಷೆಯನ್ನೂ ಕಳುಹಿಸಿದ್ದಾರೆ, ಅದರ ಫಲಿತಾಂಶ ನೋಡಿ ಮುಂದಿನ ಚಿಕಿತ್ಸೆ ನಿರ್ಧರಿಸುತ್ತೇವೆ ಎಂದಿದ್ದಾರೆ. ಕಣ್ಣಿಗೆ ಕಾಣದಿದ್ದರೆ ರೋಗ ಹೋದಂತಲ್ಲವೇ? ಮೊದಲೇ ಅಷ್ಟೊಂದು ಪರೀಕ್ಷೆಗಳನ್ನು ಮಾಡಿಸಿ ವಿಧವನ್ನು ನಿರ್ಧರಿಸಿದ್ದರಲ್ಲ, ಮತ್ತೆ ಇದು ಏಕೆ ಬೇಕು?

ರಕ್ತರೋಗಶಾಸ್ತ್ರ ವೈದ್ಯೆ, ಬೆಂಗಳೂರು

ಸರ್, ನಿಮ್ಮ ಮಗಳ ವರದಿಯ ಬಗ್ಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಹೇಳಬೇಕು. ನಾನು ಆ ಪರೀಕ್ಷೆಯ ಸಾಮಾನ್ಯ ಅರ್ಥವನ್ನು ಮಾತ್ರ ವಿವರಿಸುತ್ತೇನೆ. ಚಿಕಿತ್ಸೆಯ ನಂತರವೂ ಉಳಿದಿರುವ ಅತ್ಯಲ್ಪ ಕ್ಯಾನ್ಸರ್ ಕೋಶಗಳನ್ನು ಹುಡುಕುವುದೇ ಎಂಆರ್‌ಡಿ. ಅದನ್ನು ಮಾಡಿಸುತ್ತಿರುವುದು ಒಳ್ಳೆಯ ಲಕ್ಷಣವೆಂದು ಧೈರ್ಯವಾಗಿ ತಿಳಿಯಿರಿ.

ಸೂಕ್ಷ್ಮದರ್ಶಕದಲ್ಲಿ ಅಸ್ಥಿಮಜ್ಜೆಯ 100 ಕೋಶಗಳಲ್ಲಿ 5ಕ್ಕಿಂತ ಕಡಿಮೆ ಬ್ಲಾಸ್ಟ್‌ಗಳಿದ್ದರೆ ಉಪಶಮನ ಎನ್ನುತ್ತೇವೆ. ಆದರೆ ಕೀಮೋಥೆರಪಿಯ ನಂತರ ಮಜ್ಜೆ ಚೇತರಿಸಿಕೊಳ್ಳುವಾಗ ಸಹಜವಾದ ಎಳೆಯ ಬಿ-ಕೋಶಗಳೂ ಹುಟ್ಟುತ್ತವೆ, ಮತ್ತು ಮಕ್ಕಳಲ್ಲಿ ಅವು ಬಹಳ ಹೆಚ್ಚು. ಅವು ನೋಡಲು ಲ್ಯುಕೇಮಿಯಾದ ಬ್ಲಾಸ್ಟ್‌ಗಳಂತೆಯೇ ಇರುತ್ತವೆ. ಫ್ಲೋ ಸೈಟೋಮೆಟ್ರಿಯಲ್ಲಿ ಪ್ರತಿ ಕೋಶದ ಮೇಲ್ಮೈಯಲ್ಲಿರುವ ಸಿಡಿ19, ಸಿಡಿ10, ಸಿಡಿ34, ಸಿಡಿ38, ಸಿಡಿ58 ಮುಂತಾದ ಪ್ರೋಟೀನುಗಳಿಗೆ ಬೇರೆ ಬೇರೆ ಹೊಳಪಿನ ಪ್ರತಿಕಾಯಗಳನ್ನು ಅಂಟಿಸಿ, ಲೇಸರ್ ಕಿರಣದ ಮುಂದೆ ಕೋಶಗಳನ್ನು ಒಂದೊಂದಾಗಿ ಹಾಯಿಸುತ್ತಾರೆ. ಸಹಜ ಕೋಶಗಳು ಬೆಳೆಯುತ್ತ ಹೋಗುವಾಗ ಈ ಪ್ರೋಟೀನುಗಳು ಒಂದು ಗೊತ್ತಾದ ಕ್ರಮದಲ್ಲಿ ಏರಿಳಿಯುತ್ತವೆ. ಲ್ಯುಕೇಮಿಯಾ ಕೋಶ ಆ ಕ್ರಮದಿಂದ ಆಚೆ ನಿಂತಿರುತ್ತದೆ. ಹೀಗೆ 10,000 ಕೋಶಗಳಲ್ಲಿ 1 ಉಳಿದಿದ್ದರೂ, ಅಂದರೆ ಶೇ. 0.01 ಇದ್ದರೂ, ಪತ್ತೆ ಮಾಡಬಹುದು. ಅದಕ್ಕಾಗಿ ಲಕ್ಷಗಟ್ಟಲೆ ಕೋಶಗಳನ್ನು ಎಣಿಸಬೇಕಾಗುತ್ತದೆ. ಮಜ್ಜೆಯನ್ನು ಎಳೆದಾಗ ಮೊದಲು ಬಂದ ಭಾಗವನ್ನೇ ಎಂಆರ್‌ಡಿಗೆ ಕೊಡಬೇಕು, ನಂತರದ್ದರಲ್ಲಿ ರಕ್ತ ಬೆರೆತು ಲೆಕ್ಕ ಕೆಳಗಿಳಿಯುತ್ತದೆ.

ಆರಂಭದಲ್ಲಿ ಮಾಡಿದ ಪರೀಕ್ಷೆಗಳು ರೋಗ ಯಾವುದೆಂದು ಹೇಳಿದವು. ಈ ಪರೀಕ್ಷೆ ಚಿಕಿತ್ಸೆಗೆ ಆ ರೋಗ ಎಷ್ಟು ಸ್ಪಂದಿಸಿತು ಎಂದು ಹೇಳುತ್ತದೆ. ಎರಡನ್ನೂ ಸೇರಿಸಿಯೇ ಅಪಾಯದ ಗುಂಪನ್ನು ನಿರ್ಧರಿಸುತ್ತಾರೆ. ಭಾರತದ ಹಲವು ಕೇಂದ್ರಗಳು ಸೇರಿ ನಡೆಸಿದ ಐಸಿಕ್ಲ್ ಎಂಬ ಮಕ್ಕಳ ಲ್ಯುಕೇಮಿಯಾ ಅಧ್ಯಯನವೂ ಇದೇ ದಾರಿಯನ್ನು ಹಿಡಿದಿದೆ. ಅಗತ್ಯವಿರುವ ಮಗುವಿಗೆ ಹೆಚ್ಚಿನ ಚಿಕಿತ್ಸೆ ಸಿಗಬೇಕು, ಅಗತ್ಯವಿಲ್ಲದ ಮಗುವಿಗೆ ಕಠಿಣವಾದ ಕೀಮೋಥೆರಪಿಯ ಭಾರ ತಪ್ಪಬೇಕು. ಮಗಳು ಬೇಗ ಗುಣವಾಗಲಿ.

ಪೋಷಕರು, ದಾವಣಗೆರೆ

ತುಂಬಾ ಉಪಕಾರವಾಯಿತು ಮೇಡಂ. ಈಗ ಅರ್ಥವಾಯಿತು.

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ವೈದ್ಯೆಯವರು ಹೇಳಿದ್ದನ್ನು ಓದಿದ ಮೇಲೆ ಎಪಿಎಲ್ ಕಡೆಗೆ ನನ್ನ ವಿಷಯವನ್ನು ತಿರುಗಿಸಿಕೊಳ್ಳುವ ಆಲೋಚನೆ ಬಂದಿದೆ. ಇದಕ್ಕೆ ಮೊದಲು ಒಂದು ಸಂದೇಹ. ಹಣೆಪಟ್ಟಿಗಳೇ, ಅಂದರೆ ತಜ್ಞರು ಕೊಡುವ ರೋಗದ ಹೆಸರೇ ಕಾಲಕಾಲಕ್ಕೆ ಬದಲಾಗುತ್ತಿದ್ದರೆ, ಹಳೆಯ ದತ್ತಾಂಶವನ್ನು ಹೊಸದರೊಂದಿಗೆ ಸೇರಿಸುವುದು ಹೇಗೆ?

ದತ್ತಾಂಶ ವಿಶ್ಲೇಷಕ, ಮ್ಯೂನಿಕ್ (ಊರು ಶಿರಸಿ)

ಎಪಿಎಲ್ ವಿಷಯದಲ್ಲಿ ಆ ತೊಂದರೆ ಕಡಿಮೆ, ಪಿಎಂಎಲ್-ಆರ್‌ಎಆರ್‌ಎ ಇದೆಯೇ ಇಲ್ಲವೇ ಎಂಬುದು ಸ್ಪಷ್ಟವಾದ ಪ್ರಶ್ನೆ. ಆದರೆ ಉಳಿದ ಎಎಂಎಲ್‌ನಲ್ಲಿ ನೀವು ಕೇಳಿದ್ದು ನಿಜವಾದ ತೊಡಕು.

ಎಫ್‌ಎಬಿ ಪ್ರಕಾರ ಎಎಂಎಲ್ ಎನ್ನಲು ಮಜ್ಜೆಯಲ್ಲಿ ಶೇ. 30 ಬ್ಲಾಸ್ಟ್‌ಗಳು ಬೇಕಿದ್ದವು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶೇ. 20ಕ್ಕೆ ಇಳಿಸಿತು. 2022ರಲ್ಲಿ ಎರಡು ವರ್ಗೀಕರಣಗಳು ಒಟ್ಟಿಗೇ ಬಂದವು: ವಿಶ್ವ ಆರೋಗ್ಯ ಸಂಸ್ಥೆಯ 5ನೇ ಆವೃತ್ತಿ ಮತ್ತು ಐಸಿಸಿ ಎಂಬ ಅಂತರರಾಷ್ಟ್ರೀಯ ಒಮ್ಮತದ ವರ್ಗೀಕರಣ. ಎನ್‌ಪಿಎಂ1 ವಂಶವಾಹಿಯಲ್ಲಿ ರೂಪಾಂತರವಿದ್ದು ಬ್ಲಾಸ್ಟ್ ಶೇ. 7 ಇರುವ ರೋಗಿ ಮೊದಲನೆಯದರ ಪ್ರಕಾರ ಎಎಂಎಲ್, ಏಕೆಂದರೆ ಅಲ್ಲಿ ಈ ರೂಪಾಂತರಕ್ಕೆ ಕನಿಷ್ಠ ಪ್ರಮಾಣದ ಷರತ್ತಿಲ್ಲ. ಎರಡನೆಯದರ ಪ್ರಕಾರ ಶೇ. 10 ಬೇಕಾದ್ದರಿಂದ ಎಎಂಎಲ್ ಅಲ್ಲ. ಯಾವ ವಿಶೇಷ ರೂಪಾಂತರವೂ ಇಲ್ಲದೆ ಶೇ. 15 ಬ್ಲಾಸ್ಟ್ ಇರುವ ರೋಗಿಯನ್ನು ಮೊದಲನೆಯದು ಎಂಡಿಎಸ್, ಅಂದರೆ ಎಎಂಎಲ್‌ಗೆ ತಿರುಗಬಹುದಾದ ಮಜ್ಜೆಯ ರೋಗಗಳ, ಗುಂಪಿನಲ್ಲೇ ಇಡುತ್ತದೆ, ಎರಡನೆಯದು ಎಂಡಿಎಸ್/ಎಎಂಎಲ್ ಎಂಬ ನಡುವಿನ ಗುಂಪಿಗೆ ಸೇರಿಸುತ್ತದೆ.

ಇದರ ಮೇಲೆ ಎಣಿಕೆಯ ಅನಿಶ್ಚಿತತೆ ಬೇರೆ ಇದೆ. ಮಜ್ಜೆಯಲ್ಲಿ 500 ಕೋಶಗಳನ್ನು ಎಣಿಸಬೇಕೆಂಬ ನಿಯಮವಿದೆ. ಹಾಗೆ ಎಣಿಸಿ ಶೇ. 20 ಬ್ಲಾಸ್ಟ್ ಕಂಡರೂ, ಲೆಕ್ಕ ಹಾಕಿ ನೋಡಿದರೆ ಶೇ. 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಹರವು, ಸುಮಾರು ಶೇ. 16.5ರಿಂದ 23.5ರವರೆಗೆ ಇರುತ್ತದೆ. ಕೆಲಸದ ಒತ್ತಡದಲ್ಲಿ 100 ಮಾತ್ರ ಎಣಿಸಿದ್ದರೆ ಅದು ಶೇ. 12ರಿಂದ 28ಕ್ಕೆ ಹಿಗ್ಗುತ್ತದೆ. ಹೀಗಿರುವಾಗ ಶೇ. 20ರ ಗೆರೆಯ ಈಚೆ ಆಚೆ ಇರುವವರಿಗೆ ಕೊಟ್ಟ ಹೆಸರನ್ನು ಪರಮಸತ್ಯವೆಂದು ಜಾಲಕ್ಕೆ ಕಲಿಸುವುದು ಸರಿಯಲ್ಲ. ನನ್ನ ಸಲಹೆ ಇಷ್ಟೇ: ರೋಗದ ಹೆಸರೊಂದನ್ನೇ ದಾಖಲಿಸಬೇಡಿ. ಎಷ್ಟು ಕೋಶ ಎಣಿಸಿದರು, ಅದರಲ್ಲಿ ಎಷ್ಟು ಬ್ಲಾಸ್ಟ್, ಯಾವ ವಂಶವಾಹಿ ಪರೀಕ್ಷೆಯಲ್ಲಿ ಏನು ಬಂತು ಎಂಬ ಮೂಲ ವಿವರಗಳನ್ನೇ ಇಟ್ಟುಕೊಳ್ಳಿ. ಮುಂದೆ ಯಾವ ಆವೃತ್ತಿ ಬಂದರೂ ಹೆಸರನ್ನು ಹೊಸದಾಗಿ ಕೊಡಬಹುದು.

ಎಪಿಎಲ್ ಕುರಿತು ಒಂದು ಎಚ್ಚರಿಕೆ. ಇಲ್ಲಿ ಮ್ಯೂನಿಕ್‌ನಿಂದ 2019ರಲ್ಲಿ ಹೊರಬಂದ, 100 ಎಎಂಎಲ್ ರೋಗಿಗಳು ಮತ್ತು ಆ ರೋಗವಿಲ್ಲದ 100 ಜನರ 18,365 ಕೋಶಚಿತ್ರಗಳ ಪ್ರಸಿದ್ಧ ಸಂಗ್ರಹದಲ್ಲಿ ಪ್ರೋಮೈಲೋಸೈಟ್‌ಗಳು ನೂರಕ್ಕಿಂತ ಕಡಿಮೆ. ಅದರಿಂದ ನಿಮ್ಮ ಕೆಲಸ ಸಾಗದು. ಇಲ್ಲಿಯೇ ನಂತರ ನಡೆದ ಇನ್ನೊಂದು ಅಧ್ಯಯನ ನಿಮಗೆ ಹೆಚ್ಚು ಉಪಯುಕ್ತ. ಅದರಲ್ಲಿ 129 ಎಎಂಎಲ್ ರೋಗಿಗಳು ಮತ್ತು 60 ಆರೋಗ್ಯವಂತ ದಾನಿಗಳ 80,000ಕ್ಕೂ ಹೆಚ್ಚು ಕೋಶಚಿತ್ರಗಳಿವೆ, ಎಪಿಎಲ್ ಸೇರಿದಂತೆ ವಂಶವಾಹಿಯಿಂದ ನಿರ್ಧರಿಸಿದ ನಾಲ್ಕು ಉಪವಿಧಗಳಿವೆ. ಹಣೆಪಟ್ಟಿಯನ್ನು ಒಂದೊಂದು ಕೋಶಕ್ಕೆ ಕೊಡದೆ ರೋಗಿಗೆ ಕೊಟ್ಟಿದ್ದಾರೆ. ಯಾವ ಕೋಶಗಳನ್ನು ನೋಡಿ ಆ ತೀರ್ಮಾನಕ್ಕೆ ಬಂದೆ ಎಂಬುದನ್ನು ಜಾಲವೇ ತೋರಿಸುತ್ತದೆ. ತಜ್ಞರು ಆ ಕೋಶಗಳನ್ನು ನೋಡಿ ಒಪ್ಪಬಹುದು ಅಥವಾ ತಿರಸ್ಕರಿಸಬಹುದು.

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಹಾಗಾದರೆ ಇಂಥ ಸಾಧನವನ್ನು ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಲು ಎಷ್ಟು ರೋಗಿಗಳು ಬೇಕಾಗಬಹುದು? ಅನುಮತಿಗಳ ಬಗ್ಗೆಯೂ ತಿಳಿಸಿ.

ದತ್ತಾಂಶ ವಿಶ್ಲೇಷಕ, ಮ್ಯೂನಿಕ್ (ಊರು ಶಿರಸಿ)

ನೂರು ಎಪಿಎಲ್ ರೋಗಿಗಳಲ್ಲಿ 95 ಮಂದಿಯನ್ನು ಸಾಧನ ಗುರುತಿಸುತ್ತದೆ ಎಂದು ನೀವು ನಿರೀಕ್ಷಿಸುತ್ತೀರಿ, ಮತ್ತು ಆ ಅಂದಾಜು ಮೇಲೆ ಕೆಳಗೆ ಶೇ. 5ಕ್ಕಿಂತ ಹೆಚ್ಚು ಓಲಾಡಬಾರದು ಎಂದಿಟ್ಟುಕೊಂಡರೆ, ಸಾಮಾನ್ಯ ಸೂತ್ರದಿಂದ 73 ಎಪಿಎಲ್ ರೋಗಿಗಳು ಬೇಕು. ಎಎಂಎಲ್ ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಎಪಿಎಲ್ ಇರುವುದರಿಂದ ಸುಮಾರು 730 ಎಎಂಎಲ್ ರೋಗಿಗಳ ಲೇಪಗಳನ್ನು ಕೂಡಿಹಾಕಬೇಕಾಗುತ್ತದೆ. ಒಂದೇ ಆಸ್ಪತ್ರೆಯಿಂದ ಅದು ಬೇಗ ಆಗುವ ಕೆಲಸವಲ್ಲ, ಆಗಬಾರದೂ ಕೂಡ. ಹಲವು ಕಡೆಯ ಬಣ್ಣ, ಹಲವು ಕಡೆಯ ಕ್ಯಾಮೆರಾ ಬೇಕೇಬೇಕು.

ರಕ್ತರೋಗಶಾಸ್ತ್ರ ವೈದ್ಯೆ, ಬೆಂಗಳೂರು

ಪ್ರತಿ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಜೊತೆಗೆ, ವೈದ್ಯಕೀಯದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆಂದೇ ಅದು 2023ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಗಳನ್ನೂ ಓದಿಕೊಳ್ಳಿ. ನಿಮ್ಮ ಸಾಧನವು ರೋಗವನ್ನು ನಿರ್ಣಯಿಸುತ್ತದೆ ಎಂದು ಬರೆಯಬೇಡಿ. ತಜ್ಞರು ಮೊದಲು ನೋಡಬೇಕಾದ ಲೇಪ ಯಾವುದು ಎಂದು ಎತ್ತಿ ತೋರಿಸುತ್ತದೆ ಎಂದು ಬರೆಯಿರಿ. ಸುಳ್ಳು ಎಚ್ಚರಿಕೆಯಿಂದ ಆಗುವ ನಷ್ಟ ತಜ್ಞರ ಕೆಲವು ನಿಮಿಷಗಳು, ಎಪಿಎಲ್ ಕೈತಪ್ಪಿದರೆ ಆಗುವ ನಷ್ಟ ಒಂದು ಜೀವ. ಆದ್ದರಿಂದ ಎರಡಕ್ಕೂ ಸಮಾನ ತೂಕ ಕೊಡುವ ಅಂಕವನ್ನು ಇಲ್ಲಿ ಬಳಸಬಾರದು.

ಲ್ಯಾಬ್ ಟೆಕ್ನೀಷಿಯನ್, ಕಲಬುರಗಿ

ಮೇಡಂ, ಅನುಮತಿ ದೊರೆತ ಮೇಲೆ ಸ್ಲೈಡ್ ಕಳುಹಿಸುವವರಿಗೆ ಒಂದು ಚಿಕ್ಕ ನಮೂನೆ ಮಾಡಿಕೊಡಿ. ರಕ್ತ ತೆಗೆದ ಸಮಯ, ಲೇಪ ಎಳೆದ ಸಮಯ, ಯಾವ ಸ್ಟೇನ್, ಯಾವ ಬಫರ್, ರಕ್ತವೋ ಮಜ್ಜೆಯೋ, ಇಷ್ಟು ಸಾಕು. ರೋಗಿಯ ಹೆಸರಿನ ಬದಲು ಸಂಖ್ಯೆ ಹಾಕಿ. ಪ್ರತಿ ರೋಗಿಯಿಂದ ಬಣ್ಣ ಹಾಕದ ಒಂದು ಲೇಪವನ್ನೂ ಮೆಥನಾಲ್‌ನಲ್ಲಿ ಅದ್ದಿ ಒಣಗಿಸಿ ಇಡಲು ಹೇಳಿ. ಒಬ್ಬರದೇ ಕೋಶಗಳಿಗೆ ಎರಡು ಕಡೆ ಎರಡು ಬಣ್ಣ ಹಾಕಿ ನೋಡಿದರೆ ನಿಮ್ಮ ಗಣಕ ನೋಡುತ್ತಿರುವುದು ಕೋಶವನ್ನೋ ಬಣ್ಣವನ್ನೋ ಎಂಬುದು ಅಲ್ಲೇ ಗೊತ್ತಾಗುತ್ತದೆ.